ದೀಪ ಸಣ್ಣಗಾದರೆ ದೀಪದ ತಪ್ಪೇ?

ಆಟಿ ತಿಂಗಳ ಮಳೆ ಹೊಡೆಯುತ್ತಿದ್ದ ರಾತ್ರಿ, ಕಾಸರಗೋಡು ಕಡೆಯ ಬಾಯಾರಿನ ಮನೆಯಲ್ಲಿ ಅಳಿಯ ‘ಡಾರ್ಕೆಸ್ಟ್ ಡಂಜನ್’ ಎಂಬ ವಿಡಿಯೋ ಗೇಮ್ ಆಡುತ್ತಿದ್ದ. ನಾಲ್ವರು ನೆಲಮಾಳಿಗೆಯ ಕತ್ತಲಲ್ಲಿ ನಡೆಯುತ್ತಾರೆ, ಮುಂದೆ ಹೋದಂತೆ ಪಂಜು ಮಂಕಾಗುತ್ತದೆ. ಬೆಳಕು ಇಳಿದಷ್ಟೂ ಸಿಗುವ ಸಂಪತ್ತು ಹೆಚ್ಚು, ಒತ್ತಡವೂ ಹೆಚ್ಚು. ಒತ್ತಡ 100 ಮುಟ್ಟಿದ್ದೇ ತಡ, ಅಲ್ಲಿವರೆಗೆ ಎಲ್ಲರ ಗಾಯ ಮಾಯಿಸುತ್ತಿದ್ದ ಸನ್ಯಾಸಿನಿ ಸ್ವಾರ್ಥಿಯಾದಳು. ಜೊತೆಗಾರರನ್ನು ಬೈದಳು, ಹೇಳಿದ್ದು ಕೇಳಲಿಲ್ಲ.

“ಇವಳ ನಿಜ ಬಣ್ಣ ಈಗ ಬಯಲಾಯ್ತು ನೋಡಿ ಮಾವ” ಅಂದ.

ಈ ಮಾತು ನನಗೆ ಸಹಿಸಲಾಗುವುದಿಲ್ಲ. ಕಷ್ಟದಲ್ಲಿ ಒಬ್ಬ ಕೆಟ್ಟರೆ ನಮ್ಮೂರಲ್ಲಿ ಎರಡೇ ವಿವರಣೆ: ಕೊಳಕು ಅವನೊಳಗೆ ಮೊದಲೇ ಇತ್ತು, ಇಲ್ಲವೇ ಭೂತ-ಪ್ರೇತದ ಏನೋ ಉಪದ್ರ ತಾಗಿತು. ಎರಡನೆಯದಕ್ಕೆ ಜೋಯಿಸರಲ್ಲಿ ಪ್ರಶ್ನೆ ಇಡಿಸಿ ದುಡ್ಡೂ ಸುರಿಯುತ್ತಾರೆ. ಮಿದುಳಿನ ಕಡೆ ನೋಡುವವರಿಲ್ಲ.

ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್ “ತಡೆ, ಇನ್ನೊಬ್ಬನಿಗೂ ಹಸಿವುಂಟು” ಎಂದು ನೆನಪಿಸುವ ಭಾಗ. ಅದು ನಡೆಯುವುದು ನಾರಡ್ರಿನಲಿನ್, ಡೋಪಮಿನ್ ಎಂಬ ರಾಸಾಯನಿಕಗಳ ಹದದ ಮೇಲೆ. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ತೋಡುವ ನಮ್ಮ ಸುರಂಗದ ನೀರನ್ನೇ ನೋಡಿ. ಗುಡ್ಡದೊಳಗಿಂದ ಎಳೆಯಾಗಿ ಬಂದರೆ ಅಡಿಕೆ ತೋಟ ಹಸಿರು; ಅದೇ ನೀರು ಆಟಿಯಲ್ಲಿ ನುಗ್ಗಿದರೆ ಕಟ್ಟಪುಣಿಯೇ, ಅಂದರೆ ಬದುವೇ, ಒಡೆಯುತ್ತದೆ. ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟೆನ್ ಅವರ ಸಂಶೋಧನೆ ತೋರಿಸಿದ್ದು ಇದನ್ನೇ: ಮಿತಿಮೀರಿದ ಒತ್ತಡದಲ್ಲಿ ಆ ರಾಸಾಯನಿಕಗಳು ಉಕ್ಕಿ, ಅಲ್ಲಿನ ನರಕೋಶಗಳ ನಡುವಿನ ಸಂಪರ್ಕ ಸಡಿಲವಾಗುತ್ತದೆ. ಭಯ ಎಬ್ಬಿಸುವ ಮಿದುಳಿನ ಭಾಗವಾದ ಅಮಿಗ್ಡಲ, ಹಳೆಯ ಅಭ್ಯಾಸ ಇವೆರಡರ ಕೈ ಮೇಲಾಗುತ್ತದೆ. ಯಕ್ಷಗಾನದಲ್ಲಿ ಚೆಂಡೆಯ ಅಬ್ಬರಕ್ಕೆ ಭಾಗವತರ ಪದವೇ ಕೇಳದೆ ಹೋದರೆ ವೇಷ ಮನಸ್ಸು ಬಂದಂತೆ ಕುಣಿಯುತ್ತದಲ್ಲ, ಹಾಗೆ. ಭಾಗವತರು ಓಡಿಹೋಗಿಲ್ಲ, ರಂಗದಲ್ಲೇ ಇದ್ದಾರೆ.

1944ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ ಆನ್ಸೆಲ್ ಕೀಸ್ ಹಸಿವಿನ ಪ್ರಯೋಗಕ್ಕೆ 36 ಯುವಕರನ್ನು ಆರಿಸಿಕೊಂಡರು. ಕೊಲ್ಲುವುದು ಪಾಪವೆಂದು ಯುದ್ಧಕ್ಕೇ ಹೋಗಲೊಪ್ಪದವರು ಅವರು. ನೀತಿಯಲ್ಲಿ ಅಷ್ಟು ಗಟ್ಟಿ. 24 ವಾರ ಅರೆಹೊಟ್ಟೆ. ತಟ್ಟೆ ನೆಕ್ಕಿದರು, ಸಣ್ಣದಕ್ಕೂ ಸಿಡುಕಿದರು. ಕೆಲವರು ಕದ್ದು ತಿಂದರು. ಕೊನೆಗೆ ಜೊತೆಗಾರನಿಲ್ಲದೆ ಹೊರಗೆ ಹೋಗಬಾರದೆಂಬ ನಿಯಮವೇ ಬಂತು. ಇವರ ನಿಜ ಬಣ್ಣ ಯಾವುದು? ಯುದ್ಧ ಬೇಡವೆಂದದ್ದೋ, ತಟ್ಟೆ ನೆಕ್ಕಿದ್ದೋ?

ಆಟದಲ್ಲಿ ಒಂದು ತಪ್ಪುಂಟು. ಅಲ್ಲಿ 99ರವರೆಗೆ ಸಾಧ್ವಿ, 100ಕ್ಕೆ ದಾಳ ಬಿದ್ದು ಬೇರೆಯೇ ವ್ಯಕ್ತಿ. ದೇಹದಲ್ಲಿ ಅಂಥ ಗೆರೆಯಿಲ್ಲ, ಇಳಿತ ಮೆಲ್ಲಮೆಲ್ಲನೆ. ಆದರೆ ಮಠದಂಥ ಕಡೆ ವಿಶ್ರಾಂತಿಯಿಂದ ಒತ್ತಡ ಇಳಿಯುವುದನ್ನು ಆಟ ಸರಿಯಾಗಿಯೇ ಇಟ್ಟಿದೆ.

ನಮ್ಮಲ್ಲಿ ಸುರಂಗ ತೋಡುವವರು ದೀಪ ಹಿಡಿದೇ ಒಳಗೆ ಹೋಗುವುದು. ಜ್ವಾಲೆ ಸಣ್ಣಗಾದರೆ ಗಾಳಿ ಸಾಲದೆಂದು ತಿಳಿದು ಹೊರಗೆ ಬರುತ್ತಾರೆ. ಅಳಿಯನಿಗೆ ಇದನ್ನೆಲ್ಲ ಹೇಳುವಾಗ ಅವನ ಬೆರಳು ಸನ್ಯಾಸಿನಿಯನ್ನು ತಂಡದಿಂದ ತೆಗೆದುಹಾಕುವ ಗುಂಡಿಯ ಮೇಲಿತ್ತು. ಹೊಸಬರು ಪುಕ್ಕಟೆ ಸಿಗುತ್ತಾರಂತೆ. ಇವಳನ್ನು ಸುಧಾರಿಸಲು ಚಿನ್ನ ಖರ್ಚು. ಹೊಟ್ಟೆ ತುಂಬ ಉಂಡು, ಬೆಚ್ಚಗೆ ಹೊದ್ದು ಕುಳಿತ ಹುಡುಗ.

“ಒಂದು ವಾರ ಮಠದಲ್ಲಿ ಕೂರಿಸು” ಅಂದೆ. ತುಂಬ ಹೊತ್ತು ಪರದೆ ನೋಡಿದ, ಆಮೇಲೆ ಕೂರಿಸಿದ.