ಗಂಡನ ವೀಸಾದಲ್ಲಿ ಹೋಗಿ ಶಾರ್ಜಾದಲ್ಲಿ ಇಂಗ್ಲಿಷ್ ಟ್ಯೂಷನ್ ಕೊಡಬಹುದಾ?

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕದವಳು. ಮಂಗಳೂರಿನಲ್ಲಿ ಓದಿ ಇಂಗ್ಲಿಷ್ ಎಂ.ಎ., ಬಿ.ಎಡ್. ಮುಗಿಸಿದ್ದೇನೆ. ಮದುವೆಯಾಗಿ ಗಂಡನ ವೀಸಾದಲ್ಲಿ ಶಾರ್ಜಾಕ್ಕೆ ಹೋಗಲಿದ್ದೇನೆ. ಶಾಲೆಯ ಕೆಲಸ ಬೇಡ, ಮನೆಯಲ್ಲೇ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಕೊಡೋಣ ಅಂತಿದ್ದೇನೆ. ಇದಕ್ಕೆ ಕಾನೂನಿನಲ್ಲಿ ಅವಕಾಶ ಇದೆಯಾ? ಸಿಗುವ ಫೀಸಿಗೆ ಅಲ್ಲಿಯೋ ಇಲ್ಲಿಯೋ ತೆರಿಗೆ ಕಟ್ಟಬೇಕಾ?

ಉತ್ತರ: ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯಿಂದಲೂ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಪರ್ಮಿಟ್ ತೆಗೆದುಕೊಂಡರೆ ಧಾರಾಳವಾಗಿ ಕೊಡಬಹುದು. ಪರ್ಮಿಟ್ ಇಲ್ಲದೆ ಕೊಡಬೇಡಿ. ಅಲ್ಲಿ ನಿಮ್ಮ ಸಂಪಾದನೆಗೆ ಆದಾಯ ತೆರಿಗೆ ಇಲ್ಲ. ಇಲ್ಲಿ ತೆರಿಗೆ ಬೀಳುತ್ತದೋ ಇಲ್ಲವೋ ಎನ್ನುವುದಕ್ಕೆ ಮೂರು ವಿಷಯ ನೋಡಬೇಕು: ವರ್ಷದಲ್ಲಿ ಎಷ್ಟು ದಿನ ಊರಲ್ಲಿದ್ದಿರಿ, ಪಾಠ ಮಾಡುವಾಗ ಎಲ್ಲಿ ಕೂತಿದ್ದಿರಿ, ಫೀಸು ಮೊದಲು ಯಾವ ದೇಶದಲ್ಲಿ ಕೈಗೆ ಬಂತು. ನಮ್ಮವರು ಎಡವುವುದು ಈ ಮೂರನೆಯದರಲ್ಲಿ.

ಮೊದಲು ಪರ್ಮಿಟ್. ಮನೆ ಟ್ಯೂಷನ್ ಅಲ್ಲಿ ಬಹಳ ಕಾಲ ಕದ್ದುಮುಚ್ಚಿ ನಡೆಯುತ್ತಿತ್ತು. 2023ರ ಡಿಸೆಂಬರ್‌ನಲ್ಲಿ ಯುಎಇಯ ಶಿಕ್ಷಣ ಸಚಿವಾಲಯ ಮತ್ತು ಕಾರ್ಮಿಕ ಸಚಿವಾಲಯ ಸೇರಿ 'ಪ್ರೈವೇಟ್ ಟೀಚರ್ ವರ್ಕ್ ಪರ್ಮಿಟ್' ಎಂಬ ವ್ಯವಸ್ಥೆ ತಂದವು. ಕೆಲಸ ಇಲ್ಲದವರಿಗೂ ಇದು ಸಿಗುತ್ತದೆ, ಅಂದರೆ ನಿಮ್ಮ ಹಾಗೆ ಗಂಡನ ವೀಸಾದಲ್ಲಿ ಇರುವ ಗೃಹಿಣಿಯರೂ ಅರ್ಜಿ ಹಾಕಬಹುದು. ಶುಲ್ಕ ಇಲ್ಲ. ಅವಧಿ ಎರಡು ವರ್ಷ. ಎಮಿರೇಟ್ಸ್ ಐಡಿ (ಅಲ್ಲಿನ ಗುರುತಿನ ಚೀಟಿ), ಸನ್ನಡತೆಯ ಪ್ರಮಾಣಪತ್ರ, ಆರೋಗ್ಯ ಪ್ರಮಾಣಪತ್ರ, ಫೋಟೋ ಬೇಕು. ಶಿಕ್ಷಕರ ನಡತೆಯ ನಿಯಮಗಳಿಗೆ ಒಪ್ಪಿ ಸಹಿ ಹಾಕಬೇಕು. ಆನ್‌ಲೈನ್‌ನಲ್ಲೇ ಅರ್ಜಿ. ಅರ್ಜಿ ತಿರಸ್ಕಾರವಾದರೆ ಆರು ತಿಂಗಳು ಕಾಯಬೇಕು, ಅದಕ್ಕೇ ಮೊದಲ ಸಲವೇ ಕಾಗದಗಳನ್ನು ಸರಿಯಾಗಿ ಜೋಡಿಸಿಕೊಳ್ಳಿ. ದುಡ್ಡಿಲ್ಲದೆ ಸಿಗುವ ಪರ್ಮಿಟ್‌ಗೆ ಯಾರಾದರೂ ಏಜೆಂಟ್ ಸಾವಿರಗಟ್ಟಲೆ ಕೇಳಿದರೆ ಕೊಡಬೇಡಿ.

ಈ ಪರ್ಮಿಟ್ ಇರುವುದು ಶಾಲೆ, ಸಂಸ್ಥೆಗಳ ಹೊರಗಿನ ಖಾಸಗಿ ಪಾಠಕ್ಕೆ ಮಾತ್ರ. "ನಮ್ಮ ಸೆಂಟರ್‌ಗೆ ಬಂದು ಸಂಜೆ ಎರಡು ಗಂಟೆ ಪಾಠ ಮಾಡಿ, ಕ್ಯಾಶ್ ಕೊಡ್ತೇವೆ" ಎಂದು ಯಾರಾದರೂ ಕರೆದರೆ ಅದು ಬೇರೆ ಲೆಕ್ಕ. ಅದಕ್ಕೆ ಆ ಸೆಂಟರ್ ನಿಮ್ಮ ಹೆಸರಲ್ಲಿ ಬೇರೆಯೇ ಪರ್ಮಿಟ್ ಮಾಡಿಸಬೇಕು. ಪರ್ಮಿಟ್ ಇಲ್ಲದವರಿಂದ ಕೆಲಸ ಮಾಡಿಸುವವರಿಗೆ 2024ರಲ್ಲಿ ದಂಡವನ್ನು ಏರಿಸಿದ್ದಾರೆ, ಈಗ ಅದು ಕನಿಷ್ಠ 1 ಲಕ್ಷ, ಗರಿಷ್ಠ 10 ಲಕ್ಷ ದಿರ್ಹಂ. ದಂಡ ಅವರಿಗೆ, ನಿಜ. ಆದರೆ ಸಿಕ್ಕಿಬಿದ್ದರೆ ನಿಮ್ಮ ವೀಸಾಕ್ಕೂ ಕುತ್ತು. ಇನ್ನೊಂದು ನೆನಪಿಡಿ, ಪರ್ಮಿಟ್ ಅಂದರೆ ವೀಸಾ ಅಲ್ಲ. ಗಂಡನ ಕೆಲಸ ಹೋಗಿ ಅವರ ವೀಸಾ ರದ್ದಾದರೆ, ನಿಮ್ಮ ವೀಸಾ ಕೂಡ ಅದರ ಜೊತೆಗೇ ಹೋಗುತ್ತದೆ.

ಇನ್ನು ಫೀಸು. ಜುಲೈ, ಆಗಸ್ಟ್‌ನಲ್ಲಿ ಶಾಲೆಗಳಿಗೆ ರಜೆ, ಹೆಚ್ಚಿನ ಮನೆಯವರು ಊರಿಗೆ ಬಂದಿರುತ್ತಾರೆ. ಹಾಗಾಗಿ ವರ್ಷಕ್ಕೆ ಹತ್ತು ತಿಂಗಳ ಸಂಪಾದನೆ ಎಂದೇ ಲೆಕ್ಕ ಹಾಕಿ. ಧಣಿ ಇಲ್ಲದ ಕೆಲಸ ಇದು, ಗ್ರಾಚ್ಯುಟಿ ಇಲ್ಲ, ರಜೆಯ ಸಂಬಳವೂ ಇಲ್ಲ. ತಿಂಗಳ ಫೀಸು ಎಷ್ಟು, ಮಗು ಬಾರದಿದ್ದ ದಿನಕ್ಕೆ ಏನು ಎಂಬುದನ್ನು ಮೊದಲೇ ವಾಟ್ಸಾಪ್‌ನಲ್ಲಿ ಬರೆದು ಒಪ್ಪಿಸಿಕೊಳ್ಳಿ. ನಮ್ಮ ಊರಿನವರೇ ಅಲ್ವಾ ಅಂತ ಸಂಕೋಚ ಪಡಬೇಡಿ. ಮನೆಯಲ್ಲಿ ಕನ್ನಡ, ತುಳು ಮಾತಾಡುವ ಮಕ್ಕಳಿಗೆ ಅವರ ಭಾಷೆಯಲ್ಲೇ ಇಂಗ್ಲಿಷ್ ವ್ಯಾಕರಣ ಬಿಡಿಸಿ ಹೇಳಬಲ್ಲ ಟೀಚರ್ ಅಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಆ ಬೆಲೆ ನಿಮಗೆ ಗೊತ್ತಿರಲಿ.

ಅಲ್ಲಿನ ತೆರಿಗೆಯ ಮಾತು ಬೇಗ ಮುಗಿಯುತ್ತದೆ. ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. 2023ರ ಜೂನ್‌ನಿಂದ ಕಾರ್ಪೊರೇಟ್ ತೆರಿಗೆ ಬಂದಿದೆ, ಆದರೆ ಸ್ವಂತವಾಗಿ ದುಡಿಯುವ ವ್ಯಕ್ತಿಯ ವ್ಯವಹಾರ ವರ್ಷಕ್ಕೆ 10 ಲಕ್ಷ ದಿರ್ಹಂ ದಾಟಿದರೆ ಮಾತ್ರ ಅದು ಅನ್ವಯ. ವ್ಯಾಟ್ ನೋಂದಣಿ ಕಡ್ಡಾಯ ಆಗುವುದು 3,75,000 ದಿರ್ಹಂ ಮೇಲೆ. ತಿಂಗಳಿಗೆ 3,000 ದಿರ್ಹಂ ಬಂದರೂ ನೀವು ಈ ಮಿತಿಗಳ ಹತ್ತಿರಕ್ಕೂ ಹೋಗುವುದಿಲ್ಲ.

ಗಮನ ಕೊಡಬೇಕಾದದ್ದು ಊರಿನ ತೆರಿಗೆಗೆ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ 182 ದಿನ ಅಥವಾ ಅದಕ್ಕಿಂತ ಜಾಸ್ತಿ ಭಾರತದಲ್ಲಿದ್ದರೆ ಆ ವರ್ಷಕ್ಕೆ ತೆರಿಗೆಯ ಲೆಕ್ಕದಲ್ಲಿ ನೀವು ಭಾರತದ ನಿವಾಸಿ. ಆಗ ಶಾರ್ಜಾದ ಫೀಸೂ ಇಲ್ಲಿನ ಲೆಕ್ಕಕ್ಕೆ ಸೇರುತ್ತದೆ. ಹೊರಡುವ ವರ್ಷಕ್ಕೆ ಇನ್ನೊಂದು ತೊಡಕಿದೆ. ಆ ವರ್ಷ 60 ದಿನ ಊರಲ್ಲಿದ್ದು, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇದ್ದರೂ ನಿವಾಸಿಯೇ. ಉದ್ಯೋಗಕ್ಕೆಂದು ಹೊರಟವರಿಗೆ ಈ 60 ದಿನದ ನಿಯಮದಿಂದ ವಿನಾಯಿತಿ ಇದೆ. ಉದ್ಯೋಗ ಎಂದರೆ ಸ್ವಂತ ವ್ಯವಹಾರವೂ ಸೇರುತ್ತದೆ ಎಂದು ಕೇರಳ ಹೈಕೋರ್ಟ್ 2011ರಲ್ಲೇ ಹೇಳಿದೆ. ಆದರೆ ನೀವು ಹೋಗುತ್ತಿರುವುದು ಗಂಡನ ಜೊತೆ ಇರಲಿಕ್ಕೆ. ವಿನಾಯಿತಿ ಇದ್ದೇ ಇದೆ ಎಂದು ನಂಬಿ ಕೂರಬೇಡಿ, ಮೊದಲ ವರ್ಷಕ್ಕೆ ನಿವಾಸಿ ಎಂದೇ ರಿಟರ್ನ್ ಹಾಕುವುದು ಕ್ಷೇಮ. 2025-26ರ ಲೆಕ್ಕದಂತೆ ಹೊಸ ತೆರಿಗೆ ಪದ್ಧತಿಯಲ್ಲಿ ನಿವಾಸಿಗಳಿಗೆ 12 ಲಕ್ಷ ರೂಪಾಯಿವರೆಗೆ ಕೈಯಿಂದ ತೆರಿಗೆ ಹೋಗುವುದಿಲ್ಲ. ಆದರೆ ಅಲ್ಲಿ ತೆರೆದ ಬ್ಯಾಂಕ್ ಖಾತೆಯನ್ನು ರಿಟರ್ನಿನಲ್ಲಿ ತೋರಿಸಲೇಬೇಕು.

ಮುಂದಿನ ವರ್ಷಗಳಿಂದ ಸುಲಭ. ಊರಿಗೆ ಬಂದು ಹೋಗುವ ಅನಿವಾಸಿಗೆ 182 ದಿನದ ಮಿತಿಯೇ ಸಾಕು. ಭಾರತದ ಆದಾಯ 15 ಲಕ್ಷ ರೂಪಾಯಿ ಮೀರಿದವರಿಗೆ ಮಾತ್ರ ಅದು 120 ದಿನ. ಅನಿವಾಸಿಯಾದರೆ ಶಾರ್ಜಾದಲ್ಲಿ ಕೂತು ದುಡಿದು ಶಾರ್ಜಾದಲ್ಲೇ ಪಡೆದ ಹಣಕ್ಕೆ ಇಲ್ಲಿ ತೆರಿಗೆ ಇಲ್ಲ. ಬಾಣಂತನಕ್ಕೆ ಊರಿಗೆ ಬಂದು, ಬದಿಯಡ್ಕದ ಮನೆಯಿಂದ ಆನ್‌ಲೈನ್‌ನಲ್ಲಿ ಶಾರ್ಜಾದ ಮಕ್ಕಳಿಗೆ ಪಾಠ ಮುಂದುವರಿಸಿದರೆ ಆ ತಿಂಗಳುಗಳ ಫೀಸು ಭಾರತದಲ್ಲಿ ದುಡಿದದ್ದೇ ಆಗುತ್ತದೆ. ಅನಿವಾಸಿಗೆ 12 ಲಕ್ಷದ ರಿಯಾಯಿತಿ ಇಲ್ಲ, 4 ಲಕ್ಷದ ಮೂಲ ಮಿತಿ ಮಾತ್ರ.

ಈಗ ಆ ಮೂರನೆಯ ವಿಷಯ. ಶಾರ್ಜಾದಲ್ಲಿ ನಿಮ್ಮ ಹತ್ತಿರ ಕಲಿಯುವ ಮಗುವಿನ ತಂದೆ ಕುಂಬಳೆಯವರು ಎಂದುಕೊಳ್ಳಿ. "ಇಲ್ಲಿ ಯಾಕೆ, ನನ್ನ ಅಣ್ಣ ನಿಮ್ಮ ಅಪ್ಪನ ಕೈಗೆ ಕೊಡ್ತಾರೆ" ಅನ್ನುತ್ತಾರೆ. ಇಲ್ಲವೇ ನಿಮ್ಮ ಹಳೆಯ ಖಾತೆಗೆ ಗೂಗಲ್ ಪೇ ಮಾಡುತ್ತಾರೆ. ಕೇಳಲಿಕ್ಕೆ ಸುಲಭ, ಆದರೆ ಒಪ್ಪಬೇಡಿ. ಅನಿವಾಸಿಗೆ ಭಾರತದಲ್ಲೇ ಮೊದಲು ಕೈಸೇರಿದ ಆದಾಯಕ್ಕೆ ಭಾರತದಲ್ಲಿ ತೆರಿಗೆ ಇದೆ. ಪಾಠ ಎಲ್ಲೇ ಮಾಡಿರಲಿ. ಅದಕ್ಕಿಂತ ದೊಡ್ಡದು ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ. ಹೊರದೇಶದಲ್ಲಿರುವವರ ಪರವಾಗಿ ಇಲ್ಲಿ ಇನ್ನೊಬ್ಬರು ಕೊಡುವ ಹಣವನ್ನು ಬ್ಯಾಂಕಿನ ದಾರಿ ಬಿಟ್ಟು ಪಡೆಯುವುದು ತಪ್ಪು, ದಂಡ ಆ ಮೊತ್ತದ ಮೂರು ಪಟ್ಟಿನವರೆಗೂ ಹೋಗಬಹುದು. ಹಣ ಪಡೆದ ನಿಮ್ಮ ಅಪ್ಪನಿಗೇ ನೋಟೀಸು ಬರಬಹುದು. ಮಗಳ ಟ್ಯೂಷನ್ ಫೀಸಿಗಾಗಿ ವಯಸ್ಸಾದ ತಂದೆ ಕಚೇರಿ ಸುತ್ತುವುದು ಯಾರಿಗೆ ಬೇಕು? ಫೀಸನ್ನು ದಿರ್ಹಂನಲ್ಲಿ ಅಲ್ಲಿನ ಖಾತೆಗೇ ಹಾಕಿಸಿಕೊಳ್ಳಿ. ಅಲ್ಲಿಂದ ಬ್ಯಾಂಕ್ ಅಥವಾ ಎಕ್ಸ್‌ಚೇಂಜ್ ಮೂಲಕ ನಿಮ್ಮ ಎನ್‌ಆರ್‌ಇ ಖಾತೆಗೆ (ವಿದೇಶದಲ್ಲಿ ದುಡಿದ ಹಣ ಇಡುವ ಅನಿವಾಸಿ ಖಾತೆ) ಕಳಿಸಿ, ಅದರ ಬಡ್ಡಿಗೂ ತೆರಿಗೆ ಇಲ್ಲ. ಊರಿನ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಯ ಭಾರತದ ಹಣಕ್ಕಿರುವ ಖಾತೆ) ಆಗಿ ಬದಲಿಸಲು ಬ್ಯಾಂಕಿಗೆ ತಿಳಿಸಬೇಕು. ಇದನ್ನು ಹೆಚ್ಚಿನವರು ಮಾಡುವುದೇ ಇಲ್ಲ.

ಇಷ್ಟೂ ಯುಎಇಯ ಮಾತು. ಕುವೈತ್, ಕತಾರ್, ಸೌದಿಗೆ ಹೋಗುವವರು ಇದನ್ನೇ ಅಲ್ಲಿಗೂ ಹಿಡಿದುಕೊಂಡು ಹೋಗಬೇಡಿ, ಒಂದೊಂದು ದೇಶದ ಕಾನೂನು ಒಂದೊಂದು. ಗಲ್ಫ್ ಅಂದರೆ ತೆರಿಗೆಯೇ ಇಲ್ಲ ಎನ್ನುವ ಮಾತೂ ಶಾಶ್ವತ ಅಲ್ಲ. ಒಮಾನ್‌ನಲ್ಲಿ 2028ರಿಂದ ವರ್ಷಕ್ಕೆ 42,000 ರಿಯಾಲ್ ಮೀರಿದ ಆದಾಯಕ್ಕೆ ಶೇ. 5 ತೆರಿಗೆ ಬರಲಿದೆ.

ಹೊರಡುವ ಮೊದಲು ಸರ್ಟಿಫಿಕೇಟ್‌ಗಳ ಅಟೆಸ್ಟೇಷನ್ (ಸರ್ಕಾರಿ ದೃಢೀಕರಣದ ಮುದ್ರೆ) ಮುಗಿಸಿಕೊಳ್ಳಿ. ಇವತ್ತು ಟ್ಯೂಷನ್ ಸಾಕು ಅನಿಸಿದರೂ ನಾಳೆ ಶಾಲೆಯ ಕೆಲಸ ಬೇಕೆನಿಸಿದರೆ ಬೇಕಾಗುತ್ತದೆ. ಕೇರಳದ ವಿಶ್ವವಿದ್ಯಾಲಯದಲ್ಲಿ ಓದಿದವರಿಗೆ ಈ ಮುದ್ರೆ ಹಾಕಲು ನೋರ್ಕಾ, ಅಂದರೆ ಕೇರಳ ಸರ್ಕಾರದ ಅನಿವಾಸಿಗಳ ಇಲಾಖೆ ಇದೆ. ನಿಮ್ಮದು ಮಂಗಳೂರಿನ ಸರ್ಟಿಫಿಕೇಟ್, ಹಾಗಾಗಿ ಮೊದಲ ಮುದ್ರೆ ಕರ್ನಾಟಕದ ಕಡೆಯಿಂದ ಆಗಬೇಕು. ಆಮೇಲೆ ವಿದೇಶಾಂಗ ಸಚಿವಾಲಯ, ಅದಾದ ಮೇಲೆ ಯುಎಇ ರಾಯಭಾರ ಕಚೇರಿ. ಶಾರ್ಜಾದಲ್ಲಿ ಕೂತು ಇದನ್ನೆಲ್ಲ ಮಾಡಿಸುವುದು ದುಬಾರಿ, ಊರಲ್ಲಿರುವಾಗಲೇ ಶುರು ಮಾಡಿ.