ಸ್ವಂತ ಕಾಲನ್ನು ಮ್ಯೂಸಿಯಂನಲ್ಲಿ ನೋಡಿ ಬರುತ್ತಿದ್ದ ಜನರಲ್

ಪ್ರಶ್ನೆ: ಅಮೆರಿಕದ ಸೇನಾಧಿಕಾರಿಯೊಬ್ಬ ಯುದ್ಧದಲ್ಲಿ ಕಳೆದುಕೊಂಡ ಕಾಲನ್ನು ಮ್ಯೂಸಿಯಂಗೆ ಕೊಟ್ಟು, ಪ್ರತಿವರ್ಷ ಹೋಗಿ ನೋಡಿ ಬರುತ್ತಿದ್ದನಂತೆ. ಇದು ನಿಜವೇ, ಕಟ್ಟುಕಥೆಯೇ?

ಉತ್ತರ: ನಿಜ. ಆತನ ಹೆಸರು ಡೇನಿಯಲ್ ಸಿಕಲ್ಸ್. ಕಾಲನ್ನು ಕೊಟ್ಟದ್ದೂ ಹೌದು, ಜುಲೈ 2 ಬಂತೆಂದರೆ ನೋಡಲು ಹೋಗುತ್ತಿದ್ದದ್ದೂ ಹೌದು. ‘ಪ್ರತಿವರ್ಷ ತಪ್ಪದೆ’ ಎನ್ನುವುದನ್ನು ಮಾತ್ರ ಸ್ವಲ್ಪ ರಿಯಾಯಿತಿ ಕೊಟ್ಟು ಓದಬೇಕು. 1869ರಿಂದ ಕೆಲವು ವರ್ಷ ಆತ ಸ್ಪೇನ್‌ನಲ್ಲಿ ಅಮೆರಿಕದ ರಾಜತಾಂತ್ರಿಕ ಪ್ರತಿನಿಧಿಯಾಗಿದ್ದ.

ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಸಿಕಲ್ಸ್ ಮೂಲತಃ ವಕೀಲ. ರಾಜ್ಯದ ಶಾಸನಸಭೆಯಲ್ಲಿದ್ದು, 1857ರಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಗೆ ಬಂದ. ದೇಶಕ್ಕೆಲ್ಲ ಗೊತ್ತಾದದ್ದು ಮಾತ್ರ ಕೊಲೆಗಾರನಾಗಿ. ವಾಷಿಂಗ್ಟನ್‌ನ ಸರ್ಕಾರಿ ವಕೀಲ ಫಿಲಿಪ್ ಬಾರ್ಟನ್ ಕೀ, ಸಿಕಲ್ಸ್‌ನ ಮನೆಯ ಎದುರು ಬಿಳಿ ಕರವಸ್ತ್ರ ಬೀಸುತ್ತಿದ್ದ. ಅದು ಸಿಕಲ್ಸ್‌ನ ಹೆಂಡತಿ ತೆರೇಸಾಗೆ ಸಂಕೇತ. 1859ರ ಫೆಬ್ರುವರಿ 27ರಂದು, ಶ್ವೇತಭವನಕ್ಕೆ ಕೂಗಳತೆಯಲ್ಲಿರುವ ಲಾಫಯೆಟ್ ಚೌಕದ ಬಳಿ, ಹಾಡಹಗಲೇ ಸಿಕಲ್ಸ್ ಅವನನ್ನು ಗುಂಡಿಟ್ಟು ಕೊಂದ. ಆ ಕ್ಷಣಕ್ಕೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಎಂದು ವಕೀಲರು ವಾದಿಸಿದರು. ಮುಂದೆ ಲಿಂಕನ್ನರ ಯುದ್ಧಮಂತ್ರಿಯಾದ ಎಡ್ವಿನ್ ಸ್ಟಾಂಟನ್ ಆ ವಕೀಲರಲ್ಲೊಬ್ಬ. ‘ತಾತ್ಕಾಲಿಕ ಬುದ್ಧಿಭ್ರಮಣೆ’ಯ ವಾದ ಅಮೆರಿಕದಲ್ಲಿ ಗೆದ್ದದ್ದು ಅದೇ ಮೊದಲೆನ್ನುತ್ತಾರೆ. ಬಿಡುಗಡೆಗೆ ಜನ ಕುಣಿದರು. ಅದೇ ಜನ, ಆತ ಹೆಂಡತಿಯನ್ನು ಕ್ಷಮಿಸಿ ಮತ್ತೆ ಸೇರಿಸಿಕೊಂಡಾಗ ಉಗಿದರು!

ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧ ಆತನಿಗೆ ಎರಡನೆಯ ಬಾಳು ಕೊಟ್ಟಿತು. ನ್ಯೂಯಾರ್ಕ್‌ನಲ್ಲಿ ಒಂದು ಬ್ರಿಗೇಡ್ ಕಟ್ಟಿ, 1863ರ ಹೊತ್ತಿಗೆ ಮೇಜರ್ ಜನರಲ್ ಆಗಿದ್ದ. ಆ ವರ್ಷದ ಜುಲೈ 2ರಂದು ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್‌ ಕದನದಲ್ಲಿ, ತನಗೆ ವಹಿಸಿದ್ದ ದಿಣ್ಣೆಯ ಸಾಲನ್ನು ಬಿಟ್ಟು, ಉತ್ತರದ ಸೇನಾಪತಿ ಮೀಡ್‌ರ ಅಪ್ಪಣೆಯಿಲ್ಲದೆ ತನ್ನ ಇಡೀ ದಳವನ್ನು ಅರ್ಧ ಮೈಲಿಗೂ ಮುಂದೆ, ಒಂದು ಪೀಚ್ ತೋಟಕ್ಕೆ ನಡೆಸಿದ. ಸಂಜೆಯೊಳಗೆ ಆ ದಳದ 4,000ಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಫಿರಂಗಿ ಗುಂಡೊಂದು ಕುದುರೆಯ ಮೇಲಿದ್ದ ಸಿಕಲ್ಸ್‌ನ ಬಲಗಾಲನ್ನು ಪುಡಿ ಮಾಡಿತು. ಸಿಗಾರ್ ಸೇದುತ್ತಲೇ ಸ್ಟ್ರೆಚರ್ ಮೇಲೆ ಹೋದ; ಅಂದೇ ಮೊಣಕಾಲ ಮೇಲಕ್ಕೆ ಕಾಲನ್ನು ಕತ್ತರಿಸಿದರು.

ಹಿಂದಿನ ವರ್ಷವಷ್ಟೇ ಸೇನೆಯ ಮುಖ್ಯ ವೈದ್ಯಾಧಿಕಾರಿ, ಗಾಯದ ಮಾದರಿಗಳನ್ನು ಸೇನೆಯ ವೈದ್ಯಕೀಯ ಮ್ಯೂಸಿಯಂಗೆ ಕಳುಹಿಸುವಂತೆ ಯುದ್ಧಭೂಮಿಯ ವೈದ್ಯರಿಗೆ ಆದೇಶಿಸಿದ್ದರು. ಸಿಕಲ್ಸ್‌ನ ಕಾಲು ಶವಪೆಟ್ಟಿಗೆಯಂಥ ಪುಟ್ಟ ಡಬ್ಬಿಯಲ್ಲಿ ಮ್ಯೂಸಿಯಂಗೆ ಬಂತು, ಜೊತೆಗೆ ‘ಮೇಜರ್ ಜನರಲ್ ಡಿ.ಇ.ಎಸ್. ಅವರ ಶುಭಾಶಯಗಳೊಂದಿಗೆ’ ಎಂಬ ಚೀಟಿ. ಮೊಣಕಾಲ ಕೆಳಗಿನ ಆ ಎರಡು ಮೂಳೆಗಳು ಒಡೆದ ಸ್ಥಿತಿಯಲ್ಲೇ, ಪಕ್ಕದಲ್ಲಿ ಅಂಥದ್ದೇ 12 ಪೌಂಡ್ ಗುಂಡಿನೊಂದಿಗೆ, ಈಗ ಮೇರಿಲ್ಯಾಂಡ್‌ನ ಸಿಲ್ವರ್ ಸ್ಪ್ರಿಂಗ್‌ನ ವೈದ್ಯಕೀಯ ಮ್ಯೂಸಿಯಂನಲ್ಲಿವೆ.

ಇದನ್ನು ವಿಚಿತ್ರ ಮನುಷ್ಯನ ಶೋಕಿ ಎಂದು ನಗುವವರೇ ಹೆಚ್ಚು. ನನಗೆ ಕಾಣುವುದು ವಕೀಲನ ಬುದ್ಧಿ. ಅಪ್ಪಣೆ ಮೀರಿದವನು ಸೇನಾ ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲಬೇಕಿತ್ತು. ಆದರೆ ಕಾಲು ತೆತ್ತವನನ್ನು ನಿಲ್ಲಿಸುವವರು ಯಾರು? ಗೆಟಿಸ್‌ಬರ್ಗ್ ಕದನ ಮುಗಿದ ಎರಡೇ ದಿನಕ್ಕೆ, ಜುಲೈ 5ರಂದು, ವಾಷಿಂಗ್ಟನ್‌ನಲ್ಲಿ ಮಲಗಿದ್ದ ಸಿಕಲ್ಸ್‌ನನ್ನು ನೋಡಲು ಲಿಂಕನ್ನರೇ ಬಂದರು. ಮೀಡ್ ಇನ್ನೂ ರಣರಂಗದಲ್ಲಿದ್ದಾಗಲೇ ಸಿಕಲ್ಸ್ ಅಧ್ಯಕ್ಷರಿಗೆ ತನ್ನ ಕಡೆಯ ಕಥೆ ಹೇಳಿಯಾಗಿತ್ತು. ತಾನು ಮುಂದೆ ನುಗ್ಗಿದ್ದರಿಂದಲೇ ಗೆಟಿಸ್‌ಬರ್ಗ್ ಉಳಿಯಿತು ಎಂಬ ಆ ವಾದವನ್ನು ಮುಂದಿನ ಐವತ್ತು ವರ್ಷ ಬಿಡಲಿಲ್ಲ. 1897ರಲ್ಲಿ ಆ ದಿನದ ಶೌರ್ಯಕ್ಕೆ ಅಮೆರಿಕದ ಅತ್ಯುನ್ನತ ಸೇನಾ ಗೌರವ ಮೆಡಲ್ ಆಫ್ ಆನರ್ ಕೂಡ ಸಿಕ್ಕಿತು. ಮೀಡ್ ತೀರಿಕೊಂಡು ಆಗಲೇ ಕಾಲು ಶತಮಾನವಾಗಿತ್ತು.

ಹಾಗೆಂದು ಸುಮ್ಮನೆ ಬಾಯಿ ಮಾಡಿದವನಲ್ಲ. 1890ರ ದಶಕದಲ್ಲಿ ಮತ್ತೆ ಸಂಸತ್ತಿಗೆ ಹೋಗಿ, ಗೆಟಿಸ್‌ಬರ್ಗ್ ರಣಭೂಮಿಯನ್ನು ರಾಷ್ಟ್ರೀಯ ಉದ್ಯಾನವಾಗಿಸುವ ಮಸೂದೆ ಮಂಡಿಸಿದ. 1895ರಲ್ಲಿ ಅದು ಕಾನೂನಾಯಿತು. 1912ರಲ್ಲಿ, ಆತ ಅಧ್ಯಕ್ಷನಾಗಿದ್ದ ನ್ಯೂಯಾರ್ಕ್ ಸ್ಮಾರಕ ಆಯೋಗದ ಲೆಕ್ಕದಲ್ಲಿ 25,000 ಡಾಲರಿಗೂ ಹೆಚ್ಚು ಹಣ ಕಾಣೆಯಾಗಿ, ಆ ಹುದ್ದೆ ಹೋಯಿತು. 1914ರಲ್ಲಿ ತೀರಿಕೊಂಡ. ಗೆಟಿಸ್‌ಬರ್ಗ್‌ನಲ್ಲಿ ಬಹುಪಾಲು ದೊಡ್ಡ ಜನರಲ್‌ಗಳಿಗೆ ಪ್ರತಿಮೆಗಳಿವೆ, ಸಿಕಲ್ಸ್‌ಗೆ ಇಲ್ಲ. ಒಂದು ಕಾಲಕ್ಕೆ ಲಾಫಯೆಟ್ ಚೌಕವನ್ನು ಸುತ್ತುವರಿದಿದ್ದ ಕಬ್ಬಿಣದ ಬೇಲಿ ಮಾತ್ರ ಈಗ ಗೆಟಿಸ್‌ಬರ್ಗ್‌ನ ಸೈನಿಕರ ಸಮಾಧಿಭೂಮಿಯ ಅಂಚಿನಲ್ಲಿ ನಿಂತಿದೆ.