ಹಳೆಯ ಸೈಕಲ್ಲನ್ನು ರಿಪೇರಿ ಮಾಡಲು ಅಂಗಡಿಯವರು ಹಿಂಜರಿಯುವುದೇಕೆ?

ಪ್ರಶ್ನೆ: ಐವತ್ತು ವರ್ಷಕ್ಕೂ ಹಳೆಯದಾದ, ಮೂರು ಗೇರಿನ ಉಕ್ಕಿನ ಸೈಕಲ್ಲೊಂದು ನನ್ನ ಬಳಿ ಇದೆ. ತುಳಿಯುವಾಗ ಪೆಡಲಿನ ಬಳಿ ‘ಕಟ್ ಕಟ್’ ಎಂದು ಸದ್ದಾಗುತ್ತದೆ, ಗೇರು ಆಗಾಗ ಜಾರುತ್ತದೆ. ತೋರಿಸಿದ ಅಂಗಡಿಗಳಲ್ಲೆಲ್ಲ ಬಿಡಿಭಾಗ ಸಿಗುವುದಿಲ್ಲ ಎನ್ನುತ್ತಾರೆ. ಇದು ನಿಜವೇ? ಯಾರ ಕೈಗೆ ಒಪ್ಪಿಸಲಿ?

ಉತ್ತರ: ಬಿಡಿಭಾಗ ಸಿಗುವುದಿಲ್ಲ ಎಂಬ ಮಾತು ಬಹುಮಟ್ಟಿಗೆ ನಿಜವಲ್ಲ. ಆ ಭಾಗವನ್ನು ಗುರುತಿಸಿ, ಅಳೆದು, ಸರಿಯಾಗಿ ಕೂಡಿಸಬಲ್ಲವರು ಕಡಿಮೆಯಾಗುತ್ತಿದ್ದಾರೆ ಎಂಬುದು ನಿಜ. ನೀವು ಹೇಳಿದ ಎರಡು ದೋಷಗಳೇ ಇದಕ್ಕೆ ಒಳ್ಳೆಯ ಉದಾಹರಣೆ.

ಮೊದಲು ಗೇರು. ಆ ಕಾಲದ ಮೂರು ಗೇರಿನ ಸೈಕಲ್ಲುಗಳಲ್ಲಿ ಬಹಳ ಬಳಕೆಯಲ್ಲಿದ್ದುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಾಗುತ್ತಿದ್ದ ಸ್ಟರ್ಮೀ-ಆರ್ಚರ್ ಕಂಪನಿಯ ‘ಎಡಬ್ಲ್ಯು’ ಹಬ್, ಅಂದರೆ ಗೇರುಗಳನ್ನು ಒಳಗಿಟ್ಟುಕೊಂಡಿರುವ ಹಿಂಚಕ್ರದ ನಡುಭಾಗ. ಅದು 1936ರಲ್ಲಿ ಬಂತು. ಹೆಸರನ್ನು, ಎಷ್ಟೋ ವೇಳೆ ತಯಾರಾದ ವರ್ಷವನ್ನೂ ಹಬ್ಬಿನ ಮೇಲೆಯೇ ಒತ್ತಿರುತ್ತಾರೆ. 2000ದಲ್ಲಿ ತೈವಾನಿನ ಸನ್‌ರೇಸ್ ಆ ಕಂಪನಿಯನ್ನು ಕೊಂಡ ಮೇಲೂ ಮೂರು ಗೇರಿನ ಹಬ್ಬುಗಳ ತಯಾರಿಕೆ ಮುಂದುವರಿದಿದೆ. ಗೇರು ಜಾರುವುದಕ್ಕೆ ಒಳಗಿನ ಹಲ್ಲು ಸವೆದಿರುವುದಕ್ಕಿಂತ ಕೇಬಲ್ಲಿನ ಬಿಗಿ ತಪ್ಪಿರುವುದೇ ಹೆಚ್ಚಾಗಿ ಕಾರಣ. ಎರಡನೆಯ ಗೇರಿನಲ್ಲಿಟ್ಟು, ಬಲಬದಿಯ ಆಕ್ಸಲ್ ನಟ್ಟಿನ ಕಿಂಡಿಯಲ್ಲಿ ನೋಡಿದರೆ, ಸಣ್ಣ ಚೈನು ಹಿಡಿದಿರುವ ಕಡ್ಡಿಯ ದಪ್ಪ ಭಾಗ ಆಕ್ಸಲ್ಲಿನ ತುದಿಗೆ ಸಮನಾಗಿ ನಿಲ್ಲಬೇಕು. ಇಷ್ಟು ತಿಳಿದವರಿಗೆ ಇದು ಕೆಲವು ನಿಮಿಷಗಳ ಕೆಲಸ. ತಿಳಿಯದವರು ಹಬ್ಬೇ ಹೋಗಿದೆ ಎಂದು ಹೇಳಿಬಿಡುತ್ತಾರೆ. ಜೊತೆಗೆ, ಈ ಹಬ್ಬಿಗೆ ಬೇಕಾದುದು ಎಣ್ಣೆಯ ರಂಧ್ರದ ಮೂಲಕ ಬಿಡುವ ಕೆಲವು ತೊಟ್ಟು ತೆಳುವಾದ ಎಣ್ಣೆ. ಗಟ್ಟಿ ಗ್ರೀಸು ತುಂಬಿದರೆ ಒಳಗಿನ ಸಣ್ಣ ಕೊಕ್ಕೆಗಳು ಅಂಟಿಕೊಳ್ಳುತ್ತವೆ. ಸರಿಯಾಗಿ ಕೂಡದ ಗೇರಿನಲ್ಲಿ ಎದ್ದು ನಿಂತು ತುಳಿದರೆ ಪೆಡಲ್ ಹಠಾತ್ತನೆ ಮುಂದಕ್ಕೆ ಜಾರಿ ಬೀಳುವ ಅಪಾಯವಿರುವುದರಿಂದ, ಅದು ಸರಿಯಾಗುವವರೆಗೆ ಕುಳಿತೇ ತುಳಿಯಿರಿ.

ಇನ್ನು ಸದ್ದು. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಕೇಳಿಸುತ್ತಿದ್ದರೆ ಪೆಡಲನ್ನು ಹೊತ್ತ ತೋಳನ್ನು (ಕ್ರ್ಯಾಂಕ್) ಅದರ ಆಕ್ಸಲ್ಲಿಗೆ ಬಿಗಿದಿರುವ ಕಾಟರ್ ಪಿನ್ ಸಡಿಲವಾಗಿರುವ ಸಂಭವ ಹೆಚ್ಚು. ಹಳೆಯ ಕುಶಲತೆ ಎಂದರೇನೆಂದು ಈ ಪುಟ್ಟ ಪಿನ್ನಿನಷ್ಟು ಸ್ಪಷ್ಟವಾಗಿ ಬೇರಾವುದೂ ತೋರಿಸಲಾರದು. ಬ್ರಿಟಿಷ್ ಸೈಕಲ್ಲುಗಳಲ್ಲಿ ಅದರ ವ್ಯಾಸ ಸಾಮಾನ್ಯವಾಗಿ 9.5 ಮಿ.ಮೀ.; ಯುರೋಪಿನ ಇತರೆಡೆಯ ಹಲವು ಸೈಕಲ್ಲುಗಳಲ್ಲಿ 9 ಮಿ.ಮೀ. ಸರಿಯಾದ ಗಾತ್ರದ್ದು ಸಿಕ್ಕಿದರೂ ಅದರ ಓರೆಮುಖವನ್ನು ಅರದಿಂದ ಉಜ್ಜಿ ಹೊಂದಿಸಬೇಕು, ಇಲ್ಲವಾದರೆ ಎರಡು ಕ್ರ್ಯಾಂಕುಗಳು ಒಂದೇ ನೇರದಲ್ಲಿ ನಿಲ್ಲುವುದಿಲ್ಲ. ಪಿನ್ನನ್ನು ಒಳಗೆ ಕೂರಿಸಬೇಕಾದುದು ಅದನ್ನು ಒತ್ತುವ ಸಾಧನವಾದ ಪ್ರೆಸ್ಸಿನಿಂದ. ನಟ್ಟು ಅದನ್ನು ಜಾರದಂತೆ ಹಿಡಿಯಲು ಮಾತ್ರ. ನಟ್ಟನ್ನೇ ತಿರುಗಿಸಿ ಎಳೆಯಹೊರಟರೆ ಥ್ರೆಡ್ (ತಿರುಪಿನ ಸುತ್ತು) ಕಿತ್ತುಬರುತ್ತದೆ. ಕ್ರ್ಯಾಂಕಿನ ಕೆಳಗೆ ಆಧಾರ ಕೊಡದೆ ಸುತ್ತಿಗೆಯಿಂದ ಹೊಡೆದರೆ ಆ ಪೆಟ್ಟು ಬೇರಿಂಗಿನ ಗುಂಡುಗಳಿಗೆ ತಲುಪಿ, ಅವು ಕೂರುವ ಬಟ್ಟಲಿನಲ್ಲಿ (ಕಪ್) ಕುಳಿಗಳೇಳುತ್ತವೆ. ಹೀಗೆ ಅಗ್ಗದ ಪಿನ್ನೊಂದರ ಕೆಲಸ ಕ್ರ್ಯಾಂಕುಗಳ ಆಕ್ಸಲ್ ತಿರುಗುವ ಇಡೀ ಬೇರಿಂಗ್ ಭಾಗವನ್ನು, ಅಂದರೆ ಬಾಟಮ್ ಬ್ರಾಕೆಟ್ಟನ್ನು, ಹಾಳುಮಾಡಿದರೂ ಮಾಡೀತು.

ಥ್ರೆಡ್ಡುಗಳದ್ದೂ ಇಂಥದೇ ಕಥೆ. ಬ್ರಿಟಿಷ್ ಬಾಟಮ್ ಬ್ರಾಕೆಟ್ಟಿನ ಬಲಗಡೆಯ ಕಪ್ ಬಿಗಿಯಾಗುವುದು ಎಡಮುಖವಾಗಿ ತಿರುಗಿಸಿದಾಗ. ಹಳೆಯ ಫ್ರೆಂಚ್ ಮತ್ತು ಇಟಾಲಿಯನ್ ಸೈಕಲ್ಲುಗಳಲ್ಲಿ ಎಡ-ಬಲದ ಎರಡೂ ಕಪ್‌ಗಳು ಬಲಮುಖ. ಇದು ತಿಳಿಯದೆ ಬಲ ಹಾಕಿದವರು ಬಿಚ್ಚುವ ಬದಲು ಇನ್ನಷ್ಟು ಬಿಗಿದಿರುತ್ತಾರೆ. ರ್‍ಯಾಲೀ ಕಂಪನಿಯಂತೂ ತನ್ನ ಅನೇಕ ಸೈಕಲ್ಲುಗಳಲ್ಲಿ ಇಂಚಿಗೆ ಸಾಮಾನ್ಯವಾದ 24 ಸುತ್ತಿನ ಬದಲು 26 ಸುತ್ತಿನ ಥ್ರೆಡ್ ಬಳಸಿತು. ಟೈರಿನಲ್ಲಿಯೂ ‘26 ಇಂಚು’ ಎಂದಷ್ಟೇ ಕೇಳಿದರೆ ಸಾಲದು: 26 × 1⅜ ಇಂಚಿನ ಹಳೆಯ ಇಂಗ್ಲಿಷ್ ಟೈರು ಕೂರುವುದು 590 ಮಿ.ಮೀ. ರಿಮ್ಮಿಗೆ, ಮೌಂಟನ್ ಬೈಕಿನ 26 ಇಂಚಿನದು 559 ಮಿ.ಮೀ. ರಿಮ್ಮಿಗೆ.

ಈ ತಿಳಿವಳಿಕೆ ಕ್ಷೀಣಿಸುತ್ತಿರುವುದಕ್ಕೆ ಅಂಗಡಿಯವರನ್ನು ದೂರುವುದು ನ್ಯಾಯವಲ್ಲ. ಕಾಟರ್ ಪಿನ್ನಿಲ್ಲದ ಕ್ರ್ಯಾಂಕು, ಬಿಚ್ಚದೆ ಇಡಿಯಾಗಿ ಬದಲಿಸುವ ಬೇರಿಂಗು, ಹೈಡ್ರಾಲಿಕ್ ಬ್ರೇಕು, ವಿದ್ಯುನ್ಮಾನ ಗೇರುಗಳ ನಡುವೆ ಕೆಲಸ ಕಲಿತ ಮೆಕ್ಯಾನಿಕ್ಕಿಗೆ ಕಾಟರ್ ಪ್ರೆಸ್ ಹಿಡಿಯುವ ಸಂದರ್ಭವೇ ಬಂದಿರುವುದಿಲ್ಲ. ಹಳೆಯ ಸೈಕಲ್ಲಿನ ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ಮುಂಚಿತವಾಗಿ ಹೇಳುವುದೂ ಕಷ್ಟ: ಉಕ್ಕಿನ ಚೌಕಟ್ಟಿನೊಳಗೆ ಕಚ್ಚಿಕೊಂಡ ಅಲ್ಯುಮಿನಿಯಂ ಸೀಟ್‌ಪೋಸ್ಟ್ ಒಂದೇ ಇಡೀ ದಿನವನ್ನು ನುಂಗಬಹುದು. ಅಮೆರಿಕದ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ 2008ರಲ್ಲಿ ತೀರಿಕೊಳ್ಳುವವರೆಗೂ ಇಂಥ ಅಳತೆಗಳನ್ನೂ ವಿಧಾನಗಳನ್ನೂ ಅಂತರ್ಜಾಲದಲ್ಲಿ ಎಲ್ಲರಿಗೂ ಮುಕ್ತವಾಗಿ ಬರೆದಿಟ್ಟರು. ಅದು ದೊಡ್ಡ ಉಪಕಾರ. ಆದರೂ ಚಕ್ರದ ಬೇರಿಂಗನ್ನು ಹಿಡಿದಿಡುವ ಶಂಕುವಿನಾಕಾರದ ‘ಕೋನ್’ ಎಂಬ ಭಾಗವನ್ನು ಎಷ್ಟು ಬಿಗಿದರೆ ಚಕ್ರ ಅಲುಗದೆ, ತಡೆಯಿಲ್ಲದೆ ತಿರುಗೀತು ಎಂಬುದನ್ನು ಬೆರಳುಗಳೇ ಕಲಿಯಬೇಕು, ಅದಕ್ಕೆ ಪಕ್ಕದಲ್ಲಿ ನಿಂತು ತೋರಿಸುವವರು ಬೇಕು.

ಹಾಗಾದರೆ ಯಾರಿಗೆ ಕೊಡುವುದು? ಅಂಗಡಿಯ ವಯಸ್ಸನ್ನಾಗಲಿ ಮೆಕ್ಯಾನಿಕ್ಕಿನ ವಯಸ್ಸನ್ನಾಗಲಿ ನೋಡಬೇಡಿ. ಕಾಟರ್ ಪಿನ್ನನ್ನು ಹೇಗೆ ತೆಗೆಯುತ್ತೀರಿ ಎಂದು ಕೇಳಿ. ಪ್ರೆಸ್ಸಿನ ಮಾತನ್ನೋ ಕೆಳಗೆ ಆಧಾರ ಕೊಡುವ ಮಾತನ್ನೋ ಆಡಿದವರು, ಸ್ಪ್ಯಾನರಿಗಿಂತ ಮೊದಲು ಅಳತೆಯ ಕ್ಯಾಲಿಪರ್ ಕೈಗೆತ್ತಿಕೊಂಡವರು, ನಿಮ್ಮ ಸೈಕಲ್ಲಿನಂಥದನ್ನು ಹಿಂದೆಂದೂ ಕಾಣದಿದ್ದರೂ ನಂಬಿಕೆಗೆ ಅರ್ಹರು. ಬಿಚ್ಚಿದ ಹಳೆಯ ಭಾಗಗಳನ್ನು ಎಸೆಯದೆ ಹಿಂದಿರುಗಿಸಬೇಕೆಂದು ಮೊದಲೇ ತಿಳಿಸಿ, ಏಕೆಂದರೆ ಮುಂದಿನ ರಿಪೇರಿಗೆ ಅಳತೆ ಸಿಗುವುದು ಅವುಗಳಿಂದಲೇ. ಹೊಸ ಪಿನ್ ಹಾಕಿಸಿದ ಮೇಲೆ ಸ್ವಲ್ಪ ದೂರ ಓಡಿಸಿ ಮತ್ತೊಮ್ಮೆ ಅಂಗಡಿಗೆ ಒಯ್ಯಿರಿ. ತುಳಿತಕ್ಕೆ ಅದು ಇನ್ನಷ್ಟು ಒಳಗೆ ಕೂರುವುದರಿಂದ ಪ್ರೆಸ್ಸಿನಿಂದ ಪುನಃ ಒತ್ತಿ ಬಿಗಿಯಬೇಕಾಗುತ್ತದೆ.